ಆನೆಗೆ ವಿಮೆ, ಕಲಾವಿದನಿಗೆ ಮುಚ್ಚಳಿಕೆ

ಮೈಸೂರು ದಸರಾ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ವರ್ಷವೂ ಕಾಣಿಸಿಕೊಳ್ಳುವ ಸುದ್ದಿಯೊಂದಿದೆ. ಕಾಡಿನ ಶಿಬಿರಗಳಿಂದ ಬಂದ ಆನೆಗಳಿಗೆ, ಅವುಗಳ ಮಾವುತರಿಗೆ, ಕಾವಾಡಿಗಳಿಗೆ ವಿಮೆ ಮಾಡಿಸಲಾಗಿದೆ ಎಂಬ ಸುದ್ದಿ. ಅದರ ಕೊನೆಯಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ಸಾಲೂ ಇರುತ್ತದೆ. ಆನೆಗಳಿಂದ ಸಾರ್ವಜನಿಕರ ಆಸ್ತಿಪಾಸ್ತಿಗೆ ಹಾನಿಯಾದರೆ ಅದನ್ನು ತುಂಬಿಕೊಡಲೂ ವಿಮೆ ಇದೆ ಎನ್ನುವ ಸಾಲು. ಇದು ವಿವೇಕದ ಕೆಲಸ. ಲಕ್ಷಾಂತರ ಜನ ಸೇರುವ ಕಡೆ ಆನೆಯೊಂದು ಬೆದರಿದರೆ ಅದರ ನಷ್ಟವನ್ನು ಬಡ ಮಾವುತನ ತಲೆಗೆ ಕಟ್ಟುವುದು ಅನ್ಯಾಯ ಎಂದು ಸರಕಾರಕ್ಕೆ ಗೊತ್ತಿದೆ. ಆನೆಯನ್ನು ಕರೆಸಿದ್ದು ಸರಕಾರ, ಜನರನ್ನು ಸೇರಿಸಿದ್ದು ಸರಕಾರ, ಆದ್ದರಿಂದ ಹೊಣೆಯೂ ಸರಕಾರದ್ದು.

ಈ ವಿವೇಕ ಮನುಷ್ಯರ ವಿಚಾರಕ್ಕೆ ಬಂದಾಗ ಯಾಕೆ ಕೈಕೊಡುತ್ತದೆ? ನಾಡಿನ ಉತ್ಸವಗಳಲ್ಲಿ, ಮೇಳಗಳಲ್ಲಿ, ಕರಕುಶಲ ಪ್ರದರ್ಶನಗಳಲ್ಲಿ ದುಡಿಯುವ ಕಲಾವಿದನಿಗೆ ಸಾಮಾನ್ಯವಾಗಿ ಸಿಗುವುದು ವಿಮೆಯಲ್ಲ, ಮುಚ್ಚಳಿಕೆ. ಮಳಿಗೆಗೆ ಅರ್ಜಿ ಹಾಕುವ ಕುಶಲಕರ್ಮಿಯ ಮುಂದೆ, ಕಾರ್ಯಕ್ರಮ ಒಪ್ಪಿಕೊಳ್ಳುವ ತಂಡದ ಮುಂದೆ ಇಡುವ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರಗಳ ಷರತ್ತೊಂದು ಇರುವುದು ಈಗ ರೂಢಿಯೇ ಆಗಿದೆ. ಯಾವುದೇ ಅವಘಡಕ್ಕೆ ಸಂಘಟಕರು ಜವಾಬ್ದಾರರಲ್ಲ ಎಂದು ಒಂದು ಕಡೆ. ನಿಮ್ಮಿಂದ ಮೂರನೆಯವರಿಗೆ ಆಗುವ ಹಾನಿಯನ್ನು ನೀವೇ ಭರಿಸತಕ್ಕದ್ದು ಎಂದು ಇನ್ನೊಂದು ಕಡೆ. ಇಂಗ್ಲಿಷಿನಲ್ಲಿರುವ ಆ ಷರತ್ತನ್ನು ಓದಲಾರದವನು ಹೆಬ್ಬೆಟ್ಟು ಒತ್ತುತ್ತಾನೆ. ಓದಬಲ್ಲವನು ಮಳಿಗೆ ತಪ್ಪೀತೆಂದು ಸಹಿ ಹಾಕುತ್ತಾನೆ.

ಈ ಲೇಖನದ ವಾದ ಸರಳವಾದದ್ದು. ಜನರನ್ನು ಸೇರಿಸುವವನು ಯಾರೋ, ಸೇರಿದ ಜನರಿಂದ ಲಾಭವನ್ನೋ ಹೆಸರನ್ನೋ ಪಡೆಯುವವನು ಯಾರೋ, ಆ ಜನರ ಸುರಕ್ಷೆಯ ಹೊಣೆಯನ್ನೂ ಅದಕ್ಕೆ ತಗಲುವ ವಿಮೆಯ ಖರ್ಚನ್ನೂ ಅವನೇ ಹೊರಬೇಕು. ಕುಣಿಯುವವನ, ಕೆತ್ತುವವನ, ನೇಯುವವನ ಹೆಗಲಿಗೆ ಅದನ್ನು ದಾಟಿಸುವುದು ನಿಲ್ಲಬೇಕು.

ಮೂರು ಬಗೆಯ ರಕ್ಷಣೆ, ಒಂದರದ್ದೇ ಜಾಹೀರಾತು

ವಿಮೆ ಎಂದೊಡನೆ ನಮ್ಮ ಜನರ ಕಣ್ಣಮುಂದೆ ಬರುವುದು ಜೀವ ವಿಮೆ ಮಾತ್ರ. ಆದರೆ ಕಲೆಯನ್ನೇ ಕಸುಬಾಗಿಸಿಕೊಂಡವನಿಗೆ ಮೂರು ಬಗೆಯ ರಕ್ಷಣೆ ಬೇಕು. ಒಂದು, ಅವನ ಸ್ವಂತ ಜೀವಕ್ಕೆ, ಆರೋಗ್ಯಕ್ಕೆ ಸಂಬಂಧಿಸಿದ್ದು. ಎರಡು, ಅವನ ಕೈಕೆಳಗೆ ದುಡಿಯುವವರಿಗೆ ಪೆಟ್ಟಾದರೆ ಪರಿಹಾರ ಕೊಡುವಂಥದ್ದು. ಮೂರು, ನೋಡಲು ಬಂದ, ಕೊಳ್ಳಲು ಬಂದ, ಸುಮ್ಮನೆ ಹಾದುಹೋಗುತ್ತಿದ್ದ ಮೂರನೆಯ ವ್ಯಕ್ತಿಗೆ ಅವನ ಕೆಲಸದಿಂದ ಹಾನಿಯಾದರೆ ಆ ಪರಿಹಾರವನ್ನು ಭರಿಸುವಂಥದ್ದು. ಈ ಮೂರನೆಯದನ್ನೇ ಸಾರ್ವಜನಿಕ ಹೊಣೆಗಾರಿಕೆ ವಿಮೆ, ಅಂದರೆ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಎನ್ನುತ್ತಾರೆ.

ಸರಕಾರಗಳು ಕುಶಲಕರ್ಮಿಗಳಿಗಾಗಿ ಮಾಡಿದ ಯೋಜನೆಗಳ ಪಟ್ಟಿ ಉದ್ದವಿದೆ. 2007ರಲ್ಲಿ ಬಂದ ರಾಜೀವ್ ಗಾಂಧಿ ಶಿಲ್ಪಿ ಸ್ವಾಸ್ಥ್ಯ ಬಿಮಾ ಯೋಜನೆ ಕುಶಲಕರ್ಮಿಯ ಆಸ್ಪತ್ರೆ ಖರ್ಚಿಗೆ ಸಂಬಂಧಿಸಿದ್ದು. 2023ರ ಸೆಪ್ಟೆಂಬರ್ 17ರಂದು ಉದ್ಘಾಟನೆಯಾದ ಪಿ.ಎಂ. ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಗುರುತಿಸಿ, ಉಪಕರಣ ಕೊಳ್ಳಲು 15,000 ರೂಪಾಯಿಯನ್ನೂ ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲವನ್ನೂ ಕೊಡುತ್ತದೆ. ಕರ್ನಾಟಕ ಸರಕಾರ 2024ರಲ್ಲಿ ತಂದ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ, ಸಿನೆಮಾ ಟಿಕೆಟಿನ ಮೇಲೆ ಶೇ. 1ರಿಂದ 2ರವರೆಗೆ ಸೆಸ್ ಹಾಕಿ ಕಲಾವಿದರ ಕ್ಷೇಮನಿಧಿ ಕಟ್ಟಲು ಅವಕಾಶ ಕೊಡುತ್ತದೆ. ಇವೆಲ್ಲ ಬೇಕಾದವೇ. ಆದರೆ ಇವೆಲ್ಲವೂ ಕಲಾವಿದನಿಗೆ ಏನಾದರೂ ಆದರೆ ಎಂಬ ಪ್ರಶ್ನೆಯ ಸುತ್ತಲೇ ಸುತ್ತುತ್ತವೆ. ಕಲಾವಿದನಿಂದ ಇನ್ನೊಬ್ಬರಿಗೆ ಏನಾದರೂ ಆದರೆ ಎಂಬ ಪ್ರಶ್ನೆಯನ್ನು ಇವು ಕೇಳಿಕೊಂಡೇ ಇಲ್ಲ.

ಆ ಪ್ರಶ್ನೆ ಕಾಲ್ಪನಿಕವೇನಲ್ಲ. ಹಿಂದೆ ಕುಶಲಕರ್ಮಿ ತನ್ನ ಮನೆಯ ಜಗಲಿಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದ. ಸಂತೆಗೆ ಸಿದ್ಧ ವಸ್ತುವನ್ನು ಒಯ್ಯುತ್ತಿದ್ದ. ಈಗಿನ ಮೇಳಗಳಿಗೆ ಸಿದ್ಧ ವಸ್ತು ಸಾಲದು, ತಯಾರಿಸುವ ದೃಶ್ಯವೂ ಬೇಕು. ಚನ್ನಪಟ್ಟಣದ ಗೊಂಬೆ ಮಾಡುವವನು ಜನರ ನಡುವೆ ಲೇತ್ ತಿರುಗಿಸಿ, ತಿರುಗುವ ಮರದ ಮೇಲೆ ಅರಗಿನ ಬಣ್ಣ ಹಚ್ಚಿ ತೋರಿಸಬೇಕು. ಬೀದರಿನ ಬಿದ್ರಿ ಕಲಾವಿದ ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಕಾಯಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಅದನ್ನು ಕಪ್ಪಾಗಿಸಿ ತೋರಿಸಬೇಕು. ವೀರಗಾಸೆಯವನ ಕೈಯಲ್ಲಿ ಕತ್ತಿ ಇರುತ್ತದೆ, ಬೆಂಕಿಯ ಆಟ ಆಡುವವನ ಬಾಯಲ್ಲಿ ಸೀಮೆಎಣ್ಣೆ. ಮುಂದಿನ ಸಾಲಿನಲ್ಲಿ ಮಕ್ಕಳು ಕುಳಿತಿರುತ್ತಾರೆ. ಮರದ ಚಕ್ಕೆಯೊಂದು ಹಾರಿ ಮಗುವಿನ ಕಣ್ಣಿಗೆ ಬಿತ್ತು ಎಂದುಕೊಳ್ಳಿ. ಆ ಮಗುವಿನ ಚಿಕಿತ್ಸೆಗೆ, ಅದರ ಜೀವಮಾನದ ನಷ್ಟಕ್ಕೆ ನ್ಯಾಯಾಲಯ ಪರಿಹಾರ ವಿಧಿಸಿದರೆ, ದಿನದ ಸಂಪಾದನೆಯಲ್ಲಿ ಬದುಕುವ ಗೊಂಬೆಗಾರ ಅದನ್ನು ಎಲ್ಲಿಂದ ತರಬೇಕು? ತರಲಾರದೆ ಹೋದರೆ ಆ ಮಗುವಿಗೆ ನ್ಯಾಯ ಎಲ್ಲಿಂದ ಸಿಗಬೇಕು?

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ವಿಮೆ ಕಲಾವಿದನಿಗೆ ಮಾಡುವ ಉಪಕಾರವಲ್ಲ. ಪರಿಹಾರದ ಹಣ ಸೇರುವುದು ಗಾಯಗೊಂಡವರ ಕೈಗೆ. ಬಡವನ ಮೇಲೆ ಬರುವ ಡಿಕ್ರಿ ಕೇವಲ ಕಾಗದ. ವಿಮೆ ಇದ್ದರೆ ಮಾತ್ರ ಅದು ರೊಕ್ಕವಾಗುತ್ತದೆ. ಹಾಗಾಗಿ ಇದು ಪ್ರೇಕ್ಷಕನ ಹಕ್ಕಿನ ಪ್ರಶ್ನೆಯೂ ಹೌದು.

ಸ್ಕೂಟರಿಗೆ ಇರುವ ಕಾನೂನು ಮೇಳಕ್ಕಿಲ್ಲ

ಮೂರನೆಯವರ ರಕ್ಷಣೆಗೆ ವಿಮೆ ಕಡ್ಡಾಯ ಮಾಡುವುದು ನಮ್ಮ ದೇಶಕ್ಕೆ ಹೊಸತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಒಂದು ಹಳೆಯ ಸ್ಕೂಟರನ್ನೂ ರಸ್ತೆಗಿಳಿಸುವಂತಿಲ್ಲ. ಪೊಲೀಸರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಆದ ಅನಿಲ ದುರಂತದ ಬಳಿಕ, 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಎಂಬ ಹೆಸರಿನ ಕಾನೂನೇ ಬಂತು. ತಪ್ಪು ಯಾರದೆಂದು ಸಾಬೀತು ಮಾಡುವ ಮೊದಲೇ ಸಂತ್ರಸ್ತರಿಗೆ ತಕ್ಷಣ ಪರಿಹಾರ ಸಿಗಬೇಕೆಂಬುದು ಅದರ ತಿರುಳು. ಮೂಲ ಕಾಯ್ದೆಯಲ್ಲಿ ಸಾವಿಗೆ ನಿಗದಿಯಾಗಿದ್ದ ಮೊತ್ತ ಕೇವಲ 25,000 ರೂಪಾಯಿ. ಆ ಜಿಪುಣತನವನ್ನು ಇನ್ನೊಮ್ಮೆ ಚರ್ಚಿಸೋಣ. ಇಲ್ಲಿ ಮುಖ್ಯವಾದದ್ದು, ಆ ಕಾಯ್ದೆ ಅನ್ವಯಿಸುವುದು ಅಪಾಯಕಾರಿ ರಾಸಾಯನಿಕ ಮೊದಲಾದ ವಸ್ತುಗಳನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಬಳಸುವ ಉದ್ಯಮಗಳಿಗೆ ಮಾತ್ರ ಎಂಬುದು. ಹತ್ತು ಸಾವಿರ ಜನರನ್ನು ಬಟ್ಟೆಯ ಚಪ್ಪರದಡಿ ಕೂರಿಸಿ, ತೆರೆದ ವಯರುಗಳ ಕೆಳಗೆ ಕಾರ್ಯಕ್ರಮ ನಡೆಸುವವನಿಗೆ ಅದು ಅನ್ವಯಿಸುವುದಿಲ್ಲ. ಅಂಥ ಸಂಘಟಕ ವಿಮೆ ಮಾಡಿಸಬಹುದು, ಮಾಡಿಸಲೇಬೇಕೆಂಬ ದೇಶವ್ಯಾಪಿ ಕಾನೂನಿಲ್ಲ. ಒಬ್ಬನನ್ನು ಹೊತ್ತೊಯ್ಯುವ ಸ್ಕೂಟರಿಗೆ ಇರುವ ನಿಯಮ ಊರನ್ನೇ ಸೇರಿಸುವ ಮೇಳಕ್ಕಿಲ್ಲ!

ಇದರ ಬೆಲೆಯನ್ನು ಕರ್ನಾಟಕ ಹಿಂದೆಯೇ ತೆತ್ತಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಅವರು ಪ್ರೇಕ್ಷಕರು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ಹಿಂದಿ ಧಾರಾವಾಹಿಯ ಸೆಟ್ ಉರಿದು 62 ಮಂದಿ ಬಲಿಯಾದರು. ಅದು ತೆರೆಯ ಹಿಂದೆ ದುಡಿಯುವವರ ದುರಂತ. ಟಿಪ್ಪುವಿನ ಖಡ್ಗದ ಬಗ್ಗೆ ಈ ನಾಡಿನಲ್ಲಿ ಇಂದಿಗೂ ಜಗಳವಾಡುವವರಿದ್ದಾರೆ. ಆ ಖಡ್ಗದ ಕಥೆಯ ಚಿತ್ರೀಕರಣದಲ್ಲಿ ಬೆಂದುಹೋದ 62 ಜೀವಗಳ ಬಗ್ಗೆ ಎರಡೂ ಕಡೆಯವರು ಮಾತಾಡಿದ್ದನ್ನು ಕೇಳಿದವರು ಎಷ್ಟು ಜನ?

ಇತ್ತೀಚಿನ ಉದಾಹರಣೆಗಳೂ ಇವೆ. 2024ರ ಅಕ್ಟೋಬರ್ 28ರ ರಾತ್ರಿ ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ, ತೆಯ್ಯಂ ನೋಡಲು ಜನ ಸೇರಿದ್ದ ದೇವಸ್ಥಾನದ ಬಳಿ ಸಂಗ್ರಹಿಸಿಟ್ಟ ಪಟಾಕಿ ಸಿಡಿದು 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಹಲವರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಡಿಸೆಂಬರ್ 29ರಂದು ಕೊಚ್ಚಿಯ ಕಲೂರು ಸ್ಟೇಡಿಯಮ್ಮಿನಲ್ಲಿ 11,000ಕ್ಕೂ ಹೆಚ್ಚು ಮಂದಿ ಏಕಕಾಲಕ್ಕೆ ಭರತನಾಟ್ಯ ಆಡುವ ದಾಖಲೆಯ ಕಾರ್ಯಕ್ರಮದಲ್ಲಿ, ಶಾಸಕಿ ಉಮಾ ಥಾಮಸ್ ಎತ್ತರದ ವೇದಿಕೆಯಿಂದ ಬಿದ್ದು ತೀವ್ರ ಗಾಯಗೊಂಡರು. ಕುಣಿಯಲು ಬಂದ ಮಕ್ಕಳಿಂದಲೇ ನೋಂದಣಿ ಶುಲ್ಕ ಪಡೆದ ವಿಚಾರ ಆಮೇಲೆ ವಿವಾದವಾಯಿತು. ದುಡ್ಡು ಕೊಟ್ಟು ಕುಣಿದವರ ಸುರಕ್ಷೆ ಅಷ್ಟಕ್ಕಷ್ಟೆ. ಅತಿಥಿಯಾಗಿ ಬಂದವರ ಸುರಕ್ಷೆಯೂ ಅಷ್ಟಕ್ಕಷ್ಟೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತಾಗ ನಾವೆಲ್ಲ ನೋಡಿದ್ದೇನು? ಕರೆದವರು ಯಾರು, ಅನುಮತಿ ಕೊಟ್ಟವರು ಯಾರು ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದ್ದು. ಕೋಟಿಗಟ್ಟಲೆ ವ್ಯವಹಾರದ ಕ್ರಿಕೆಟ್ಟಿನಲ್ಲೇ ಹೀಗಾದರೆ, ಊರ ಮೇಳದಲ್ಲಿ ಬೆರಳು ಯಾರ ಕಡೆಗೆ ತಿರುಗೀತು? ಅತ್ಯಂತ ಬಡವನ ಕಡೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೀರತ್ ಹೇಳಿಕೊಟ್ಟ ಪಾಠ

ಹೊಣೆ ಯಾರದು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾದ ಉತ್ತರ ಕೊಟ್ಟಿದೆ. 2006ರ ಏಪ್ರಿಲ್ 10ರಂದು ಉತ್ತರ ಪ್ರದೇಶದ ಮೀರತ್‌ನ ವಿಕ್ಟೋರಿಯಾ ಪಾರ್ಕಿನಲ್ಲಿ ನಡೆಯುತ್ತಿದ್ದ ವಸ್ತುಪ್ರದರ್ಶನದ ಚಪ್ಪರಗಳಿಗೆ ಬೆಂಕಿ ಹತ್ತಿ 65 ಮಂದಿ ಸತ್ತರು. ಸಂಘಟಕರ ವಾದವೇನಿತ್ತು ಗೊತ್ತೇ? ಚಪ್ಪರ ಹಾಕಿ, ಸೌಲಭ್ಯ ಒದಗಿಸುವ ಕೆಲಸವನ್ನು ಗುತ್ತಿಗೆದಾರನಿಗೆ ಒಪ್ಪಿಸಿದ್ದೇವೆ, ಆದ್ದರಿಂದ ಹೊಣೆ ಅವನದು ಎಂದು. ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಜನರನ್ನು ಕರೆದವರು ಸಂಘಟಕರು, ಗುತ್ತಿಗೆದಾರ ದುಡಿದದ್ದು ಅವರಿಗಾಗಿ ಎಂದು ಹೇಳಿ, ಹೊಣೆಯನ್ನು ಸಂಘಟಕರು ಮತ್ತು ರಾಜ್ಯ ಸರಕಾರದ ನಡುವೆ 60:40ರಂತೆ ಹಂಚಿತು.

ಈ ತೀರ್ಪಿನಿಂದ ಎರಡು ವಿಷಯ ತಿಳಿಯುತ್ತದೆ. ಮೊದಲನೆಯದು, ಸಂಘಟಕ ತನ್ನ ಹೊಣೆಯನ್ನು ಇನ್ನೊಬ್ಬನಿಗೆ ಬರೆದುಕೊಟ್ಟು ಕೈತೊಳೆದುಕೊಳ್ಳಲಾರ. ಕಲಾವಿದನಿಂದ ಬರೆಸಿಕೊಂಡ ಮುಚ್ಚಳಿಕೆ ಅವರಿಬ್ಬರ ನಡುವಿನ ಕಾಗದ; ಗಾಯಗೊಂಡ ಪ್ರೇಕ್ಷಕ ಅದಕ್ಕೆ ಸಹಿ ಹಾಕಿಲ್ಲ, ಅದು ಅವನನ್ನು ಕಟ್ಟಿಹಾಕದು. ಹಾಗಾದರೆ ಮುಚ್ಚಳಿಕೆ ಯಾಕೆ? ಪರಿಹಾರ ಕೊಡಬೇಕಾಗಿ ಬಂದರೆ ಆ ಹಣವನ್ನು ಬಡವನಿಂದ ವಸೂಲು ಮಾಡುವ ಬೆದರಿಕೆಯಾಗಿ ಮಾತ್ರ. ಎರಡನೆಯದು, ಬೆಂಕಿ ಬಿದ್ದದ್ದು 2006ರಲ್ಲಿ, ಹೊಣೆ ಹಂಚಿಕೆಯಾದದ್ದು 2022ರಲ್ಲಿ. ಹದಿನಾರು ವರ್ಷ! ಮನೆಯ ದುಡಿಯುವ ಕೈಯನ್ನು ಕಳೆದುಕೊಂಡವರು ಹದಿನಾರು ವರ್ಷ ಕೋರ್ಟಿನ ಮೆಟ್ಟಿಲು ಹತ್ತಬೇಕೇ? ಸಮರ್ಪಕವಾದ ವಿಮೆ ಕಡ್ಡಾಯವಾಗಿದ್ದರೆ, ತಪ್ಪಿನ ವಿಚಾರಣೆ ಒಂದು ಕಡೆ ನಡೆಯುತ್ತಿರುವಾಗಲೇ ಇನ್ನೊಂದು ಕಡೆ ಸಂತ್ರಸ್ತರ ಕೈಗೆ ಹಣ ಸೇರಬಹುದಿತ್ತು.

ಇಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಕಲಾವಿದನೇ ಸ್ವಂತ ಖರ್ಚಿನಲ್ಲಿ ಹೊಣೆಗಾರಿಕೆ ವಿಮೆ ಮಾಡಿಸಿಕೊಳ್ಳಲಿ ಎನ್ನುವವರಿಗೆ ಇದು ಗೊತ್ತಿದ್ದಂತಿಲ್ಲ. ನಮ್ಮಲ್ಲಿ ದೊರೆಯುವ ಇಂಥ ಪಾಲಿಸಿಗಳಲ್ಲಿ, ಕಾನೂನಿನ ಪ್ರಕಾರ ಬಾರದಿದ್ದರೂ ಕರಾರಿನ ಮೂಲಕ ತಾನಾಗಿ ಮೈಮೇಲೆ ಎಳೆದುಕೊಂಡ ಹೊಣೆಗೆ ರಕ್ಷಣೆ ಇರುವುದಿಲ್ಲ. ಅಂದರೆ, ಒಂದು ಕೈಯಲ್ಲಿ ವಿಮೆ ಕೊಂಡು ಇನ್ನೊಂದು ಕೈಯಲ್ಲಿ ಮುಚ್ಚಳಿಕೆಗೆ ಸಹಿ ಹಾಕಿದ ಕುಶಲಕರ್ಮಿ ಎರಡೂ ಕಡೆ ಕೆಡುತ್ತಾನೆ. ಅದೇ ರೀತಿ ಸಂಘಟಕ ತನ್ನೊಬ್ಬನ ಹೆಸರಿನಲ್ಲಿ ವಿಮೆ ಮಾಡಿಸಿದರೂ ಸಾಲದು. ಪರಿಹಾರ ಪಾವತಿಸಿದ ವಿಮಾ ಕಂಪೆನಿಗೆ, ತಪ್ಪು ಮಾಡಿದವರಿಂದ ಆ ಹಣವನ್ನು ವಸೂಲು ಮಾಡುವ ಹಕ್ಕು ಬರುತ್ತದೆ. ಪಾಲಿಸಿಯಲ್ಲಿ ಭಾಗವಹಿಸುವ ಕಲಾವಿದರ, ಕುಶಲಕರ್ಮಿಗಳ ಹೆಸರು ಸೇರದಿದ್ದರೆ ಕಂಪೆನಿ ನಾಳೆ ಗೊಂಬೆಗಾರನ ಮನೆ ಬಾಗಿಲಿಗೆ ನೋಟಿಸು ಕಳಿಸಬಹುದು. ಆದ್ದರಿಂದ ವಿಮೆ ಇದೆಯೇ ಎಂದು ಕೇಳಿದರೆ ಸಾಲದು, ಯಾರ ಹೆಸರಿನಲ್ಲಿದೆ ಎಂದೂ ಕೇಳಬೇಕು.

ಕಾಗದವೇ ಗೋಡೆಯಾದಾಗ

ಮುಸ್ಲಿಮ್ ಕುಶಲಕರ್ಮಿಗಳ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಟ್ಟು ಮಾತಾಡುವುದು ಸೌಜನ್ಯವಾಗಬಹುದು, ಸತ್ಯವಾಗದು. 2022ರ ಮಾರ್ಚಿನಲ್ಲಿ ಉಡುಪಿ ಜಿಲ್ಲೆಯ ಕಾಪುವಿನ ಮಾರಿಗುಡಿ ಜಾತ್ರೆಯಿಂದ ಹಿಡಿದು ರಾಜ್ಯದ ಹಲವು ಕಡೆ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಲಾಯಿತು. ಆಗ ಮುಂದಿಟ್ಟದ್ದು ಮುಜರಾಯಿ ಕಾನೂನಿನಡಿಯ 2002ರ ನಿಯಮವೊಂದನ್ನು. ಹೊರಗಿಡುವ ಮನಸ್ಸಿದ್ದವರಿಗೆ ಯಾವ ಕಾಗದವಾದರೂ ಗೋಡೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ನಾಳೆ ವಿಮಾಪತ್ರ ಇದ್ದವರಿಗೆ ಮಾತ್ರ ಮಳಿಗೆ ಎಂಬ ನಿಯಮ ಬಂದರೆ, ಅದು ಮೊದಲು ಹೊರಗಟ್ಟುವುದು ಬಡವರನ್ನು. ಆ ಬಡವರಲ್ಲಿ ಬಳೆಗಾರ, ಗೊಂಬೆಗಾರ, ಆಟಿಕೆ ಮಾರುವವ ಮುಸಲ್ಮಾನನೂ ಇದ್ದಾನೆ. ದಲಿತ ಚರ್ಮಗಾರನೂ, ಬುಟ್ಟಿ ಹೆಣೆಯುವ ಮೇದನೂ, ಕುಂಬಾರನೂ ಇದ್ದಾರೆ.

ಇನ್ನೊಂದು ಭಯವೂ ಇದೆ. ಈಗಿನ ದಿನಗಳಲ್ಲಿ ಅವಘಡಕ್ಕೂ ಜಾತಿ, ಧರ್ಮ ಅಂಟುತ್ತದೆ. ಕೈತಪ್ಪಿ ನಡೆದ ಸಣ್ಣ ಘಟನೆಯೂ, ಕಾರಣನಾದವನ ಹೆಸರು ಒಂದು ಬಗೆಯದಾಗಿದ್ದರೆ, ಸಂಜೆಯೊಳಗೆ ಮೊಬೈಲುಗಳಲ್ಲಿ ಸಂಚಾಗಿ ಹರಿದಾಡುವ ಕಾಲವಿದು. ಗಾಯಗೊಂಡವರಿಗೆ ತಕ್ಷಣ ಚಿಕಿತ್ಸೆಯ ಖರ್ಚು ಸಿಕ್ಕಿ, ಹೊಣೆ ಯಾರದೆಂಬುದು ಮೊದಲೇ ಕಾಗದದಲ್ಲಿ ನಿರ್ಧಾರವಾಗಿದ್ದರೆ ದ್ವೇಷದ ವ್ಯಾಪಾರಿಗಳಿಗೆ ಅರ್ಧ ಸರಕು ಅಲ್ಲೇ ಕಡಿಮೆಯಾಗುತ್ತದೆ. ಆದ್ದರಿಂದಲೇ ನಮ್ಮ ಬೇಡಿಕೆ ಒಬ್ಬೊಬ್ಬರೂ ಬೇರೆ ಬೇರೆ ತರುವ ವಿಮಾಪತ್ರವಲ್ಲ. ಇಡೀ ಮೇಳಕ್ಕೆ ಒಂದೇ ಪಾಲಿಸಿ, ಅದರಲ್ಲಿ ಪ್ರತಿಯೊಬ್ಬ ಕಲಾವಿದನೂ ಸಮಾನ. ಆಗ ಯಾರನ್ನೂ ಕಾಗದ ಕೇಳಿ ಹೊರಗಟ್ಟಲಾಗದು.

2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಸಂತೋಷಪಟ್ಟೆವು. ಒಬ್ಬನಿಗೆ ಪದಕ ತೊಡಿಸುವುದು ಸುಲಭ. ಅವನ ಕಸುಬಿನ ಉಳಿದವರು ನಿರ್ಭಯವಾಗಿ ಮೇಳದಲ್ಲಿ ಕುಳಿತು ಕೆಲಸ ಮಾಡುವಂತೆ ನೋಡಿಕೊಳ್ಳುವುದು ಕಷ್ಟ. ಸರಕಾರದ ಕಲಾಪ್ರೇಮದ ಪರೀಕ್ಷೆ ಎರಡನೆಯದರಲ್ಲಿದೆ.

ಹರಾಮ್ ಎಂಬ ಒಂದೇ ಮಾತು

ನಮ್ಮೊಳಗಿನ ಆಕ್ಷೇಪವನ್ನೂ ಎದುರಿಸಬೇಕು. ವಿಮೆ ಎಂದೊಡನೆ ಬಡ್ಡಿ ಇದೆ, ಅನಿಶ್ಚಿತತೆ ಇದೆ, ಜೂಜಿನ ಅಂಶ ಇದೆ, ಹರಾಮ್ ಎಂದು ಚರ್ಚೆ ಮುಗಿಸುವವರಿದ್ದಾರೆ. ವಿದ್ವಾಂಸರ ಈ ಆಕ್ಷೇಪ ಲಘುವಾದದ್ದಲ್ಲ. 1985ರಲ್ಲಿ ಜಿದ್ದಾದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ ಎಂಬುದು ನಿಜ. ಆದರೆ ಅದೇ ನಿರ್ಣಯ, ಪರಸ್ಪರ ಸಹಾಯದ ತಳಹದಿಯ ಸಹಕಾರಿ ವಿಮೆಯನ್ನು ಪರ್ಯಾಯವಾಗಿ ಮುಂದಿಟ್ಟಿತು ಎಂಬುದನ್ನು ಮಾತ್ರ ನಮ್ಮ ಉಪನ್ಯಾಸಕರು ಹೇಳುವುದಿಲ್ಲ.

ನಿಜವಾಗಿ ನೋಡಿದರೆ, ಕೈತಪ್ಪಿ ಆದ ಹಾನಿಯ ಹೊರೆಯನ್ನು ಒಬ್ಬನ ತಲೆಗೇ ಕಟ್ಟಬಾರದು ಎಂಬ ವಿಚಾರ ಇಸ್ಲಾಮೀ ಕಾನೂನಿಗೆ ಹೊಸದಲ್ಲ. ಅರಿವಿಲ್ಲದೆ ನಡೆದ ಹತ್ಯೆಗೆ ಸಂತ್ರಸ್ತ ಕುಟುಂಬಕ್ಕೆ ದಿಯತ್ ಸಲ್ಲಬೇಕೆಂದು ಕುರ್‌ಆನ್ (4:92) ವಿಧಿಸುತ್ತದೆ. ಆ ಮೊತ್ತ ದೊಡ್ಡದು, ನೂರು ಒಂಟೆಗಳ ಬೆಲೆ. ಒಬ್ಬ ಬಡವ ಅದನ್ನು ತೆರಲು ಸಾಧ್ಯವೇ? ಇಲ್ಲ. ಆದ್ದರಿಂದ ಅವನ ಆಖಿಲಾ, ಅಂದರೆ ಅವನಿಗೆ ಬೆಂಬಲವಾಗಿ ನಿಲ್ಲುವ ಬಳಗ, ಅದನ್ನು ಹಂಚಿಕೊಂಡು ಮೂರು ವರ್ಷಗಳ ಕಂತುಗಳಲ್ಲಿ ತೆರಬೇಕೆಂಬ ವ್ಯವಸ್ಥೆ ಬಂತು. ಮೊದಲು ಆಖಿಲಾ ಎಂದರೆ ತಂದೆಯ ಕಡೆಯ ಬಂಧುಗಳು. ಕರಾವಳಿಯ ಹೆಚ್ಚಿನವರು ಅನುಸರಿಸುವ ಶಾಫಿಈ ಪಂಥ ಈ ಅರ್ಥದಲ್ಲೇ ನಿಂತಿತು. ಹನಫಿ ಪಂಥದವರು ಖಲೀಫ ಉಮರ್ ಅವರ ಕ್ರಮವನ್ನು ಆಧರಿಸಿ, ಒಂದೇ ದಿವಾನಿನ, ಅಂದರೆ ಒಂದೇ ದಫ್ತರದ ಸೈನಿಕರನ್ನು ಪರಸ್ಪರರ ಆಖಿಲಾ ಎಂದು ಪರಿಗಣಿಸಿದರು. ಹನ್ನೆರಡನೆಯ ಶತಮಾನದಲ್ಲಿ ಮಧ್ಯ ಏಷ್ಯಾದ ಮರ್ಗೀನಾನಿ ತಮ್ಮ ಹಿದಾಯದಲ್ಲಿ ಇನ್ನೂ ಮುಂದಿನ ಮಾತನ್ನು ದಾಖಲಿಸಿದ್ದಾರೆ. ಜನರು ಪರಸ್ಪರ ನೆರವಾಗುವುದು ಕಸುಬಿನ ಮೂಲಕವಾದರೆ, ಆ ಕಸುಬಿನವರೇ ಅವರಿಗೆ ಆಖಿಲಾ ಎನ್ನುವ ಅಭಿಪ್ರಾಯ ಅದು.

ಕಸುಬುದಾರರ ಸಾಮೂಹಿಕ ಹೊಣೆ! ಎಂಟು ಶತಮಾನಗಳ ಹಿಂದೆಯೇ ನಮ್ಮ ಮದ್ರಸಗಳ ಪಠ್ಯದಲ್ಲಿ ಸೇರಿದ ವಿಚಾರವಿದು. ಗಿರಾಕಿ ಕೊಟ್ಟ ವಸ್ತು ಕಸುಬುದಾರನ ಬಳಿ ಹಾಳಾದರೆ ಹೊಣೆ ಯಾರದು ಎಂಬ ಬಗ್ಗೆಯೂ ಇಮಾಮ್ ಅಬೂ ಹನೀಫಾ ಒಂದು ಮಾತು ಹೇಳಿದರೆ, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಇನ್ನೊಂದು ಮಾತು ಹೇಳಿದರು. ತಪ್ಪಿಲ್ಲದವನ ಮೇಲೆ ಹೊರೆ ಹೊರಿಸಬಾರದೆಂದು ಗುರುವಿಗೆ. ಜನರ ಸೊತ್ತಿಗೆ ರಕ್ಷಣೆ ಬೇಕೆಂದು ಶಿಷ್ಯರಿಗೆ. ಗುರುವಿನ ಎದುರು ಶಿಷ್ಯರು ಹೀಗೆ ವಾದಿಸಿದ ಪರಂಪರೆಯ ವಾರಸುದಾರರು ನಾವು. ಅದೇ ಪ್ರಶ್ನೆ ಇಂದು ಮೇಳದ ಮಳಿಗೆಯಲ್ಲಿ ಎದ್ದಾಗ ಒಂದು ಪದದಲ್ಲಿ ಬಾಯಿ ಮುಚ್ಚಿಸುವುದು ಆ ಪರಂಪರೆಗೆ ಮಾಡುವ ಅವಮಾನ. ಅಷ್ಟಕ್ಕೂ ಇಲ್ಲಿ ವಿಮೆಯ ದುಡ್ಡು ಮುಟ್ಟುವುದು ನಮಗಲ್ಲ, ನಮ್ಮಿಂದ ನೊಂದವರಿಗೆ. ಇನ್ನೊಬ್ಬನ ಹಕ್ಕನ್ನು ತೀರಿಸುವ ದಾರಿಯನ್ನು ಮುಚ್ಚಿ, ವಿಧಿ ಎಂದು ಕೈಚೆಲ್ಲುವುದು ತವಕ್ಕುಲ್ ಅಲ್ಲ.

ಖರ್ಚಿನ ನೆಪ

ಇನ್ನೊಂದು ಆಕ್ಷೇಪ ಸಂಘಟಕರದು. ಪ್ರೀಮಿಯಂ ಕಟ್ಟುತ್ತ ಕುಳಿತರೆ ಸಣ್ಣ ಜಾತ್ರೆ, ಬಯಲಾಟಗಳೆಲ್ಲ ನಿಂತುಹೋಗುತ್ತವೆ ಎನ್ನುತ್ತಾರೆ. ದೊಡ್ಡವರು ಸಣ್ಣವರ ಬೆನ್ನ ಹಿಂದೆ ಅಡಗುವ ಹಳೆಯ ಉಪಾಯವಿದು. ಮನಸ್ಸಿದ್ದವರು ಮಾಡಿಸುತ್ತಿದ್ದಾರೆ. ಮುಂಬೈಯ ಕಿಂಗ್ಸ್ ಸರ್ಕಲಿನ ಜಿ.ಎಸ್.ಬಿ. ಸೇವಾ ಮಂಡಲ, ಅಂದರೆ ನಮ್ಮ ಕರಾವಳಿಯ ನಂಟಿರುವ ಗೌಡ ಸಾರಸ್ವತ ಸಮಾಜದವರ ಸಂಸ್ಥೆ, 2023ರ ಗಣೇಶೋತ್ಸವಕ್ಕೆ ಒಟ್ಟು 360.40 ಕೋಟಿ ರೂಪಾಯಿಯ ವಿಮೆ ಮಾಡಿಸಿತು. ಪತ್ರಿಕೆಗಳು ದೇವರ ಚಿನ್ನದ ವಿಮೆಯನ್ನು ದೊಡ್ಡದಾಗಿ ಬರೆದವು. ಆದರೆ ಅದರಲ್ಲಿ ಸ್ವಯಂಸೇವಕರು, ಅರ್ಚಕರು, ಅಡುಗೆಯವರು ಮೊದಲಾದವರ ಅಪಘಾತ ವಿಮೆ 289.50 ಕೋಟಿಯದು, ಸಾರ್ವಜನಿಕ ಹೊಣೆಗಾರಿಕೆಗೇ 20 ಕೋಟಿ. ಚಿನ್ನದ ಪಾಲು 38.47 ಕೋಟಿ ಮಾತ್ರ. ಇದು ಅನುಕರಿಸಬೇಕಾದ ಮಾದರಿ ಎನ್ನಲು ನಮಗೇನೂ ಸಂಕೋಚವಿಲ್ಲ. ನಮ್ಮ ಉರೂಸು, ಮೀಲಾದ್ ಮೆರವಣಿಗೆಗಳ ಸಮಿತಿಗಳು, ದಫ್ ತಂಡಗಳ ಸ್ಪರ್ಧೆ ನಡೆಸುವವರು ಇದನ್ನು ನೋಡಿ ಕಲಿಯಬೇಕು. ಸರಕಾರವನ್ನು ಪ್ರಶ್ನಿಸುವ ಬಾಯಿ ನಮ್ಮ ಜಮಾಅತನ್ನೂ ಪ್ರಶ್ನಿಸಬೇಕು.

ಬ್ರಿಟನ್ನಿನ ನಟರ, ರಂಗಕರ್ಮಿಗಳ ಸಂಘಟನೆಯಾದ ಈಕ್ವಿಟಿಯ ಸದಸ್ಯತ್ವದ ಜೊತೆಗೇ ಸಾರ್ವಜನಿಕ ಹೊಣೆಗಾರಿಕೆ ವಿಮೆಯೂ ಬರುತ್ತದೆ. ಒಬ್ಬೊಬ್ಬನೇ ಕೊಳ್ಳಲಾಗದ್ದನ್ನು ಸಂಘ ಒಟ್ಟಾಗಿ ಕೊಳ್ಳುತ್ತದೆ. ನಮ್ಮಲ್ಲಿ ಅಕಾಡೆಮಿಗಳಿವೆ, ಕರಕುಶಲ ನಿಗಮವಿದೆ, ಈಗ ಕ್ಷೇಮನಿಧಿಯ ಕಾಯ್ದೆಯೂ ಇದೆ. ಟಿಕೆಟಿಟ್ಟು, ಮಳಿಗೆ ಬಾಡಿಗೆ ವಸೂಲು ಮಾಡಿ ನಡೆಸುವ ಮೇಳಗಳು ಪ್ರೀಮಿಯಮನ್ನು ತಾವೇ ಭರಿಸಲಿ. ಊರಿನವರು ಚಂದಾ ಎತ್ತಿ ಮಾಡುವ ಬಯಲಾಟ, ರಿವಾಯತ್, ಸಣ್ಣ ಜಾತ್ರೆಗಳಿಗೆ ರಾಜ್ಯವೇ ಒಂದು ಸಾಮೂಹಿಕ ಪಾಲಿಸಿ ಮಾಡಿಸಲಿ. ಹೆಚ್ಚು ಜನ ಸೇರಿದಷ್ಟೂ ತಲಾ ಖರ್ಚು ಇಳಿಯುತ್ತದೆ ಎನ್ನುವುದು ವಿಮೆಯ ಮೊದಲ ಲೆಕ್ಕ.

ವಿಮೆ ಬಂದರೆ ಜನ ಬೇಜವಾಬ್ದಾರರಾಗುತ್ತಾರೆ ಎಂಬ ಮಾತೂ ಕೇಳಿಬರುತ್ತದೆ. ವಿಮೆ ಪರಿಹಾರ ಕೊಡುತ್ತದೆಯೇ ಹೊರತು ಅಪರಾಧವನ್ನು ತೊಳೆಯುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಇದ್ದೇ ಇದೆ. ಅದನ್ನು ಯಾವ ಕಂಪೆನಿಯೂ ಭರಿಸದು. ಬದಲಿಗೆ, ವಿಮೆ ಮಾಡುವವರು ವಯರಿಂಗ್ ನೋಡುತ್ತಾರೆ, ಹೊರಹೋಗುವ ದಾರಿ ಎಷ್ಟೆಂದು ಕೇಳುತ್ತಾರೆ, ನಂದಿಸುವ ಉಪಕರಣ ಇದೆಯೇ ಎನ್ನುತ್ತಾರೆ. ಪರವಾನಗಿಯ ಅರ್ಜಿಗೆ ಕಣ್ಣುಮುಚ್ಚಿ ಮೊಹರು ಒತ್ತುವ ಕಚೇರಿಗಿಂತ, ದುಡ್ಡು ಕಳೆದುಕೊಳ್ಳುವ ಭಯವಿರುವವನ ಕಣ್ಣು ಹೆಚ್ಚು ಚುರುಕು.

ಏನಾಗಬೇಕು?

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಹಿಡಿದು ಜಿಲ್ಲಾ ಉತ್ಸವ ಸಮಿತಿಗಳವರೆಗೆ, ಸರಕಾರದ ಹಣದಲ್ಲಿ ನಡೆಯುವ ಪ್ರತಿಯೊಂದು ಕಾರ್ಯಕ್ರಮಕ್ಕೂ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಡ್ಡಾಯವಾಗಬೇಕು. ಖಾಸಗಿ ಮೇಳಗಳಿಗೆ ಪೊಲೀಸರು, ಸ್ಥಳೀಯ ಸಂಸ್ಥೆಗಳು ಅನುಮತಿ ಕೊಡುವಾಗ ಇದು ಮೊದಲ ಷರತ್ತಾಗಬೇಕು. ಪಾಲಿಸಿಯಲ್ಲಿ ಪ್ರತಿಯೊಬ್ಬ ಕಲಾವಿದ, ಕುಶಲಕರ್ಮಿ, ಚಪ್ಪರ ಹಾಕುವವ, ದೀಪ ಮತ್ತು ಧ್ವನಿಯ ಕೆಲಸದವನ ಹೆಸರು ಸೇರಿರಬೇಕು. ಅವರಿಂದ ಹಣ ವಸೂಲು ಮಾಡುವ ಹಕ್ಕನ್ನು ಕಂಪೆನಿ ಬಿಟ್ಟುಕೊಡಬೇಕು. ತಪ್ಪಿನ ವಿಚಾರಣೆಗೆ ಕಾಯದೆ ಗಾಯಗೊಂಡವರಿಗೆ ಚಿಕಿತ್ಸೆಯ ಖರ್ಚು ಸಿಗುವಂತಿರಬೇಕು. ಹೊಣೆಯನ್ನು ಕಲಾವಿದನ ಮೇಲೆ ಹಾಕುವ ಮುಚ್ಚಳಿಕೆಯನ್ನು ಕಾನೂನಿನ ಮೂಲಕವೇ ಅಸಿಂಧುಗೊಳಿಸಬೇಕು. ಜನಸಂದಣಿ ನಿಯಂತ್ರಣಕ್ಕಾಗಿ ರಾಜ್ಯ ಸರಕಾರ 2025ರಲ್ಲಿ ಮಸೂದೆಯನ್ನೇ ತಂದಿತು. ಜನಸಂದಣಿಯ ಬಗ್ಗೆ ಕಾನೂನು ಮಾಡಲು ಹೊರಟವರು ಸಂಘಟಕನಿಗೆ ಶಿಕ್ಷೆ ಎಷ್ಟು ಎನ್ನುವುದರ ಜೊತೆಗೆ ಸಂತ್ರಸ್ತನಿಗೆ ಪರಿಹಾರ ಯಾವ ನಿಧಿಯಿಂದ, ಎಷ್ಟು ದಿನದಲ್ಲಿ ಎಂಬುದನ್ನೂ ಬರೆಯಬೇಕು.

ಕಲಾವಿದರ ಸಂಘಗಳಿಗೂ ಒಂದು ಮಾತು. ಗೌರವಧನ ಹೆಚ್ಚಿಸಿ, ಪ್ರಶಸ್ತಿ ಕೊಡಿ ಎಂದು ಮನವಿ ಬರೆಯುವಾಗ ಈ ಬೇಡಿಕೆಯನ್ನೂ ಸೇರಿಸಿ. ಅದು ಈಡೇರುವವರೆಗೆ ಮುಚ್ಚಳಿಕೆಗೆ ಒಬ್ಬೊಬ್ಬರೇ ಸಹಿ ಹಾಕಬೇಡಿ, ಒಟ್ಟಾಗಿ ನಿರಾಕರಿಸಿ. ಗೊಂಬೆಗಾರ ಒಬ್ಬನೇ ಬೇಡವೆಂದರೆ ಅವನ ಮಳಿಗೆ ಇನ್ನೊಬ್ಬನಿಗೆ ಹೋಗುತ್ತದೆ. ಇಡೀ ಮೇಳ ಬೇಡವೆಂದರೆ ಸಂಘಟಕ ಕಾಗದವನ್ನು ಬದಲಾಯಿಸಲೇಬೇಕು.